ವ್ಯಾನಿಗೆ ಅಗಲ ಟೈರು ಯಾಕೆ ಬೇಡ

ಜಪಾನಿನಿಂದ ಹಳೇ ಫೋರ್ ವೀಲ್ ಡ್ರೈವ್ ವ್ಯಾನ್ ತರಿಸಿಕೊಂಡವರ ಕೈ ಮೊದಲು ಹೋಗುವುದು ಟೈರಿನ ಕಡೆಗೆ. ಗಾಡಿಗೆ 25 ವರ್ಷ ತುಂಬಿದರೆ ಅಮೆರಿಕದಲ್ಲಿ, 15 ತುಂಬಿದರೆ ಕೆನಡಾದಲ್ಲಿ ಆಮದು ಸಲೀಸು. ಹಾಗಾಗಿ ಮಿತ್ಸುಬಿಷಿ ಡೆಲಿಕಾದಂಥ ವ್ಯಾನುಗಳು ಅಲ್ಲಿನ ಕಾಡುದಾರಿಗಳಲ್ಲಿ ಓಡಾಡುತ್ತಿವೆ. ಟೈರಿನ ಮಾತು ಬಂದಾಗ ಮಾತ್ರ ಅದೇ ಹಳೇ ರಾಗ: ಅಗಲ ಇದ್ದಷ್ಟೂ ಹಿಡಿತ ಜಾಸ್ತಿ, ನೋಡೋಕೂ ಗತ್ತು. ಗತ್ತಿನ ಬಗ್ಗೆ ನನ್ನ ತಕರಾರಿಲ್ಲ.

265/75 ಆರ್ 16 ಮತ್ತು 235/85 ಆರ್ 16, ಈ ಎರಡು ಅಳತೆ ನೋಡಿ. ಮೊದಲ ಅಂಕಿ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ಅಡ್ಡಳತೆ. ಲೆಕ್ಕ ಹಾಕಿದರೆ ಮೊದಲನೆಯದರ ಒಟ್ಟು ಎತ್ತರ 804 ಮಿ.ಮೀ., ಎರಡನೆಯದು 806. ಎತ್ತರ ಹೆಚ್ಚುಕಮ್ಮಿ ಒಂದೇ. ಅಗಲದಲ್ಲಿ ಮಾತ್ರ 30 ಮಿ.ಮೀ. ವ್ಯತ್ಯಾಸ.

ಗಾಡಿಯ ಭಾರದ ಬಹುಪಾಲನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಒಂದು ಗಾಲಿಯ ಮೇಲೆ 600 ಕೆಜಿ ಇದೆ ಅನ್ನಿ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.5 ಕೆಜಿ, ಅಂದರೆ ಸುಮಾರು 36 ಪಿಎಸ್‌ಐ. ಭಾಗಿಸಿದರೆ ನೆಲಕ್ಕೆ ತಾಗುವ ಜಾಗ 240 ಚದರ ಸೆಂಟಿಮೀಟರ್. ಟೈರಿನ ಅಗಲ ಈ ಲೆಕ್ಕದಲ್ಲಿ ಬರಲೇ ಇಲ್ಲ, ಅಲ್ವಾ? ಪಕ್ಕದ ಗೋಡೆಯ ಗಡಸುತನದಿಂದ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೆ. ಬದಲಾಗುವುದು ಆ ಜಾಗದ ಆಕಾರ. ನೆಲ ಮುಟ್ಟುವ ಅಗಲ 22 ಸೆಂ.ಮೀ. ಇದ್ದರೆ ಉದ್ದ 11 ಸೆಂ.ಮೀ. ಅಗಲ 19ಕ್ಕೆ ಇಳಿದರೆ ಉದ್ದ 12.6 ಆಗುತ್ತದೆ. ಗಾಳಿಯನ್ನು ಅರ್ಧಕ್ಕೆ ಇಳಿಸಿ, ಸಪೂರ ಟೈರಿನ ಗುರುತು 25 ಸೆಂ.ಮೀ. ಉದ್ದಕ್ಕೆ ಚಾಚುತ್ತದೆ.

ಉದ್ದವಾದರೆ ಏನು ಲಾಭ? ಇದನ್ನು ಕೂತು ಲೆಕ್ಕ ಹಾಕಿದವರಲ್ಲಿ ಮುಖ್ಯ ಹೆಸರು ಪೋಲೆಂಡಿನಿಂದ ಬಂದ ಎಂಜಿನಿಯರ್ ಬೆಕ್ಕರ್ ಅವರದು. 1971ರಲ್ಲಿ ಅಪೊಲೊ 15ರ ಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ಗಾಡಿಯ ವಿನ್ಯಾಸದಲ್ಲೂ ಅವರ ಕೈಯಿತ್ತು. ಅವರು ಹೇಳಿದ್ದು ಇಷ್ಟು: ಮೆತ್ತನೆ ನೆಲದಲ್ಲಿ ಗಾಲಿ ಉರುಳುವುದೆಂದರೆ ಮಣ್ಣನ್ನು ಅದುಮುತ್ತಲೇ ಹೋಗುವುದು. ಆ ಕೆಲಸಕ್ಕೆ ಬೇಕಾದ ಬಲ ಎಂಜಿನ್ನಿನಿಂದಲೇ ಬರಬೇಕು. ಒದ್ದೆ ಮಣ್ಣಿನಲ್ಲಿ ಸ್ವಲ್ಪ ದೂರ ಹೋಗಿ, ಇಳಿದು ಜಾಡು ನೋಡಿ. ತಳದಲ್ಲಿ ಟೈರಿನ ಬಟನ್‌ಗಳ ಅಚ್ಚು ಗಟ್ಟಿಯಾಗಿ ಕೂತಿರುತ್ತದೆ. ಎರಡೂ ಅಂಚಿನಲ್ಲಿ ಮಣ್ಣು ಉಬ್ಬಿರುತ್ತದೆ. ಅಷ್ಟೂ ಮಣ್ಣನ್ನು ಸರಿಸಿದ್ದು ನಿಮ್ಮ ಡೀಸೆಲ್. ಒಂದೇ ಆಳಕ್ಕೆ ಹೂತರೂ 22 ಸೆಂ.ಮೀ. ಟೈರು 19ರದ್ದಕ್ಕಿಂತ ಶೇ. 16ರಷ್ಟು ಹೆಚ್ಚು ಮಣ್ಣು ಅದುಮಬೇಕು. ಸಪೂರ ಟೈರಿನಲ್ಲಿ ಮುಂಭಾಗ ಅದುಮಿಟ್ಟ ಗಟ್ಟಿ ನೆಲದ ಮೇಲೆ ಉಳಿದ ಉದ್ದವೆಲ್ಲ ಸಾಗುತ್ತದೆ. ಟ್ಯಾಂಕಿನ ಸರಪಳಿ ಪಟ್ಟಿ ಉದ್ದವಾಗಿರುವುದಕ್ಕೆ ಇದೂ ಒಂದು ಕಾರಣ.

ಇದು ಹೊಸ ಸಂಗತಿಯೇನಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದಿನ ಟೈರು 30 ಇಂಚು ಎತ್ತರ, ಅಗಲ ಬರೀ ಮೂರೂವರೆ ಇಂಚು. ಆಗಿನ ಅಮೆರಿಕದ ಹಳ್ಳಿ ರಸ್ತೆ ಅಂದರೆ ಕೆಸರು. ಟೈರು ಮೇಲಿನ ತೆಳು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಸ್ವೀಡನ್ನಿನ ಹಿಮದ ರ‍್ಯಾಲಿಯಲ್ಲಿ ಇಂದಿಗೂ ಮೊಳೆ ಹೊಡೆದ ಸಪೂರ ಟೈರುಗಳೇ ಓಡುತ್ತವೆ. ರೇಸ್ ಕಾರಿಗೆ ಅಗಲ ಟೈರು ಯಾಕೆ ಅಂತ ಕೇಳಬಹುದು. ಅಲ್ಲಿ ಮೆತ್ತನೆ ರಬ್ಬರು, ವಿಪರೀತ ಬಿಸಿ, ಬೇಗ ಸವೆತ. ಅದರ ಕಷ್ಟಗಳೇ ಬೇರೆ, ಅದನ್ನು ತಂದು ಕಾಡುದಾರಿಗೆ ಹೊಂದಿಸಬೇಡಿ.

ಹಾಗಂತ ಸಪೂರ ಎಲ್ಲ ಕಡೆಯೂ ಗೆಲ್ಲುವುದಿಲ್ಲ. ತಳವೇ ಸಿಗದ ಆಳದ ಹಿಮದಲ್ಲಿ ತೇಲಬೇಕು, ಸೀಳಬಾರದು. ಐಸ್‌ಲೆಂಡಿನ ಹಿಮನದಿಗಳ ಮೇಲೆ 38, 44 ಇಂಚು ಎತ್ತರದ ದೈತ್ಯ ಅಗಲ ಟೈರುಗಳನ್ನು ಗಾಳಿ ತೀರಾ ಇಳಿಸಿ ಓಡಿಸುವುದು ಸುಮ್ನೆ ಅಲ್ಲ.

ಇನ್ನು ವ್ಯಾನಿನ ತೊಂದರೆಗಳು. 235/85 ಆರ್ 16 ಹೆಚ್ಚಾಗಿ ಭಾರದ ಪಿಕಪ್‌ಗಳಿಗೆಂದು ಮಾಡಿದ ಗಡಸು ಟೈರು. ಹಗುರ ವ್ಯಾನಿನ ಕೆಳಗೆ ಅದು ಸರಿಯಾಗಿ ಬಾಗುವುದಿಲ್ಲ. ಬಾಗದಿದ್ದರೆ ಆ ಉದ್ದ ಗುರುತು ಎಲ್ಲಿಂದ ಬರಬೇಕು? ಆದಷ್ಟು ಕಡಿಮೆ ಪ್ಲೈ ರೇಟಿಂಗ್, ಅಂದರೆ ಟೈರಿನ ಗಟ್ಟಿತನ ಹೇಳುವ ಅಂಕಿ, ಇರುವುದನ್ನು ಹುಡುಕಿ. ಈಗ 235/75 ಆರ್ 15 ಹಾಕಿದ್ದರೆ ಅದರ ಎತ್ತರ 734 ಮಿ.ಮೀ. ಅಲ್ಲಿಂದ 806ಕ್ಕೆ ಹೋದರೆ ರಿಮ್ಮೂ ಬದಲಾಗಬೇಕು. ಗಾಡಿ 36 ಮಿ.ಮೀ. ಮೇಲೇಳುತ್ತದೆ, ಅದು ಖುಷಿಯೇ. ಆದರೆ ಸ್ಪೀಡೋಮೀಟರ್ ಮೊದಲು ಸರಿ ತೋರಿಸುತ್ತಿದ್ದರೆ, ಇನ್ನು ಅದು 100 ಅಂದಾಗ ಓಟ 110 ಇರುತ್ತದೆ. ಏರಿನಲ್ಲಿ ಹಳೇ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕನ್ನೂ ಹೆಚ್ಚು ಒತ್ತಬೇಕು.

ಡೆಲಿಕಾ ಸ್ಟಾರ್ ವ್ಯಾಗನ್‌ನಲ್ಲಿ ಡ್ರೈವರ್ ಕೂರುವುದೇ ಮುಂದಿನ ಗಾಲಿಯ ಮೇಲೆ. ಅಲ್ಲಿ ಟೈರಿಗೆ ಜಾಗ ಕಡಿಮೆ. ಕೊಳ್ಳುವ ಮೊದಲು ಒಂದು ಜೊತೆ ಎರವಲು ತಂದು ಹಾಕಿ. ಒಂದು ಮುಂಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಟೈರಿಗೂ ಮಡ್‌ಗಾರ್ಡಿನ ಹಿಂದಿನ ಅಂಚಿಗೂ ನಡುವೆ ಒಂದು ಬೆರಳು ತೂರಿಸಿ ನೋಡಿ. ತೂರದಿದ್ದರೆ 806ರ ಆಸೆ ಬಿಟ್ಟು ಒಂದು ಅಳತೆ ಕೆಳಗಿಳಿಯಿರಿ.