ಗ್ರೂಪ್ ಮಾಡಿದರೆ ಸಾಕಾ? ಸೋಶಿಯಲ್ ಟೆಕ್ನಾಲಜಿ ಪಾಠಕ್ಕೆ ಒಂದು ಟಿಪ್ಪಣಿ

ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ‘ಸಂಸ್ಥೆಗಳಲ್ಲಿ ಸೋಶಿಯಲ್ ಟೆಕ್ನಾಲಜಿ’ ಅಂತ ಒಂದು ಪಾಠ ಇದೆ. ಓದುವಾಗ ಸುಲಭ ಅನ್ನಿಸುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ. ಯಾಕೆಂದರೆ ಉದಾಹರಣೆಗಳೆಲ್ಲ ಅಮೆರಿಕದ ದೊಡ್ಡ ಕಂಪನಿಗಳದ್ದು. ನಾವು ಕೇರಳದ ಕಾಸರಗೋಡಿನ ಕನ್ನಡಿಗರು. ನಮಗೆ ಗೊತ್ತಿರುವುದು ಕುಂಬಳೆ, ಬದಿಯಡ್ಕ, ಮಂಜೇಶ್ವರದ ಸಹಕಾರಿ ಸಂಘಗಳು, ಕುಟುಂಬಶ್ರೀ ಅನ್ನುವ ಮಹಿಳೆಯರ ಸ್ವಸಹಾಯ ಗುಂಪುಗಳು, ಯಕ್ಷಗಾನ ಸಂಘ. ಪ್ರಾಜೆಕ್ಟಿಗಾಗಿ ನಾನು ಎರಡು ತಿಂಗಳು ಇಲ್ಲಿಯ ಒಂದು ಸಹಕಾರಿ ಸಂಘದಲ್ಲಿ ಕೂತಿದ್ದೆ. ಹೆಸರು ಬೇಡ. ಅಲ್ಲಿ ಕಂಡದ್ದರ ಜೊತೆ ಪಾಠವನ್ನು ಸೇರಿಸಿ ಓದಿದ ಮೇಲೆಯೇ ನನಗೆ ಅರ್ಥವಾದದ್ದು.

ಮೊದಲು ಅರ್ಥ. ಸೋಶಿಯಲ್ ಟೆಕ್ನಾಲಜಿ ಅಂದರೆ ಫೇಸ್‌ಬುಕ್ ಪೇಜ್ ತೆರೆಯುವುದಲ್ಲ. ಹಲವರು ಸೇರಿ ಬರೆಯುವ, ತಿದ್ದುವ, ಕೇಳುವ, ಉತ್ತರ ಕೊಡುವ ಸಾಧನ. ಮತ್ತೆ ಅದು ಉಳಿದವರಿಗೂ ಕಾಣಬೇಕು. ಈ ‘ಕಾಣಬೇಕು’ ಅನ್ನುವುದಕ್ಕೆ ಗೆರೆ ಎಳೆದುಕೊಳ್ಳಿ. ಇಮೇಲ್‌ನಲ್ಲಿ ಇಬ್ಬರು ಮಾತಾಡಿದ್ದು ಮೂರನೆಯವನಿಗೆ ಗೊತ್ತಾಗುವುದಿಲ್ಲ. ವಿಕಿಯಲ್ಲಿ, ಅಂದರೆ ಹಲವರು ಸೇರಿ ಬರೆದು ತಿದ್ದುವ ವೆಬ್ ಪುಟಗಳಲ್ಲಿ, ಬರೆದದ್ದು ನಾಳೆ ಕೆಲಸಕ್ಕೆ ಸೇರುವವನಿಗೂ ಸಿಗುತ್ತದೆ. ಮೊದಲ ವಿಕಿ ಮಾಡಿದ್ದು ವಾರ್ಡ್ ಕನಿಂಗ್‌ಹ್ಯಾಮ್, 1995ರಲ್ಲಿ. ಹವಾಯಿ ಭಾಷೆಯಲ್ಲಿ ವಿಕಿ ಅಂದರೆ ಬೇಗ ಅಂತ.

2006ರಲ್ಲಿ ಮ್ಯಾನೇಜ್‌ಮೆಂಟ್ ವಿದ್ವಾಂಸ ಆಂಡ್ರ್ಯೂ ಮೆಕಾಫಿ ಇಂಥ ಸಾಧನಗಳನ್ನು ಸಂಸ್ಥೆಯ ಒಳಗೆ ಬಳಸುವುದಕ್ಕೆ ‘ಎಂಟರ್‌ಪ್ರೈಸ್ 2.0’ ಅಂತ ಹೆಸರಿಟ್ಟರು. ಅದಕ್ಕೆ ಆರು ಗುಣ ಹೇಳಿದರು: ಸರ್ಚ್ (ಹುಡುಕಲು ಬರಬೇಕು), ಲಿಂಕ್ (ಒಂದು ಪುಟದಿಂದ ಇನ್ನೊಂದಕ್ಕೆ ದಾರಿ), ಆಥರಿಂಗ್ (ಎಲ್ಲರೂ ಬರೆಯಬಹುದು), ಟ್ಯಾಗ್ (ವಿಷಯದ ಗುರುತು), ಎಕ್ಸ್‌ಟೆನ್ಶನ್ (ಇದನ್ನು ನೋಡಿದವರಿಗೆ ಅದನ್ನೂ ಸೂಚಿಸುವುದು), ಸಿಗ್ನಲ್ (ಹೊಸದು ಬಂದರೆ ತಿಳಿಸುವುದು). ಮೊದಲ ಅಕ್ಷರಗಳನ್ನು ಸೇರಿಸಿದರೆ ‘ಸ್ಲೇಟ್ಸ್’. ಪರೀಕ್ಷೆಗೆ ಆರೂ ಬಾಯಿಪಾಠ ಇರಲಿ. ನನ್ನ ಪ್ರಕಾರ ನಮ್ಮೂರಿನಲ್ಲಿ ಸೋಲುವುದು ಮೊದಲನೆಯದರಲ್ಲೇ, ಸರ್ಚ್‌ನಲ್ಲಿ.

ಹೇಗೆ ಅಂತ ನೋಡಿ. ಆ ಸಂಘಕ್ಕೆ ಒಂದು ವಾಟ್ಸಾಪ್ ಗ್ರೂಪ್ ಇದೆ. ಸದಸ್ಯರಲ್ಲಿ ಅಡಿಕೆ ಕೃಷಿಕರೇ ಜಾಸ್ತಿ. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗದ ಹೆದರಿಕೆ, ಅದಕ್ಕೆ ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮದ್ದು ಬಿಡುವ ಗಡಿಬಿಡಿ. ‘ಮೈಲುತುತ್ತು ಎಷ್ಟು, ಸುಣ್ಣ ಎಷ್ಟು?’ ಅಂತ ಯಾರೋ ಕೇಳುತ್ತಾರೆ. ಹಿರಿಯರೊಬ್ಬರು ಉತ್ತರ ಹಾಕುತ್ತಾರೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ. ಕತ್ತಿಯ ತುದಿ ಅದ್ದಿ ನೋಡಿ, ಕೆಂಪು ಹತ್ತಿದರೆ ಸುಣ್ಣ ಸಾಲದು. ಚೊಕ್ಕ ಉತ್ತರ, ಅಲ್ವಾ? ಆದರೆ ಸಂಜೆಯೊಳಗೆ ಅದರ ಮೇಲೆ ಹದಿನೈದು ಶುಭೋದಯ, ಒಂದು ಮದುವೆ ಕಾಗದ, ಎರಡು ನಿಧನವಾರ್ತೆ ಬಂದು ಕೂರುತ್ತವೆ. ಮರುವಾರ ಮತ್ತೊಬ್ಬರು ಅದನ್ನೇ ಕೇಳುತ್ತಾರೆ. ನಾನು ಹಿಂದೆ ಸ್ಕ್ರೋಲ್ ಮಾಡಿ ನೋಡಿದೆ, ಮೂರು ಮಳೆಗಾಲವೂ ಅದೇ ಪ್ರಶ್ನೆ. ಮೂರನೇ ವರ್ಷ ಆ ಹಿರಿಯರು ಬರೆದದ್ದು ಇಷ್ಟೇ: “ಎಂತ ಮಾರಾಯ, ಕಳೆದ ವರ್ಷವೂ ಹೇಳಿದ್ದಲ್ವಾ?” ಆಮೇಲೆ ಅವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಸಲಹಾ ಕಂಪನಿ ಮೆಕಿನ್ಸಿಯ 2012ರ ವರದಿ ಹೇಳಿದ್ದೂ ಇದನ್ನೇ, ದೊಡ್ಡ ಅಂಕಿಯಲ್ಲಿ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರ ವಾರದ ಸಮಯದಲ್ಲಿ ಸುಮಾರು 28 ಶೇಕಡಾ ಇಮೇಲ್‌ಗೆ ಹೋಗುತ್ತದೆ. ಇನ್ನು ಸುಮಾರು 20 ಶೇಕಡಾ ಸಂಸ್ಥೆಯೊಳಗೇ ಇರುವ ಮಾಹಿತಿಯನ್ನು, ಅದು ಗೊತ್ತಿರುವ ಜನರನ್ನು ಹುಡುಕುವುದಕ್ಕೆ. ಈ ಸಾಧನಗಳನ್ನು ಸರಿಯಾಗಿ ಬಳಸಿದರೆ ಇಂಥವರ ಉತ್ಪಾದಕತೆ 20ರಿಂದ 25 ಶೇಕಡಾ ಏರಬಹುದು ಅಂತ ಅವರ ಅಂದಾಜು. ಅಂದಾಜು ಅನ್ನುವುದನ್ನು ಉತ್ತರದಲ್ಲಿ ಬಿಡಬೇಡಿ. ಏರಿಯೇ ಬಿಟ್ಟಿದೆ ಅಂತ ಬರೆಯುವವರೇ ಜಾಸ್ತಿ.

ನಮ್ಮ ಕಡೆ ಇನ್ನೊಂದು ತೊಡಕು ಭಾಷೆ. ಮೇಲಿನಿಂದ ಬರುವ ಸುತ್ತೋಲೆ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯ ಸದಸ್ಯರು ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕ್ಲರ್ಕ್ ಅಕ್ಕ ಒಂದು ಉಪಾಯ ಮಾಡಿದ್ದರು. ಸುತ್ತೋಲೆಯ ಕೆಳಗೆ ಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜ್. ಅದು ಶುರುವಾದ ಮೇಲೆಯೇ ಹಿರಿಯರು ಗ್ರೂಪಿನಲ್ಲಿ ಬಾಯಿ ಬಿಟ್ಟದ್ದು. ಆದರೆ ವಾಯ್ಸ್ ಮೆಸೇಜಿನೊಳಗೆ ಸರ್ಚ್ ಮಾಡಲಾಗುವುದಿಲ್ಲ! ಜನರನ್ನು ಸೇರಿಸಿದ ಉಪಾಯವೇ ಮಾಹಿತಿಯನ್ನು ಹೂತುಹಾಕಿತು. ಹತ್ತು ಅಂಕದ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಮುಂದೆ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಹೇಳಿದ ಮಾತು. ದೂರದ ಪರಿಚಯಗಳ ಬಲ. ಹತ್ತಿರದವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಅಪರೂಪಕ್ಕೆ ಸಿಗುವವರಿಂದ. ಮದ್ದು ಬಿಡುವವರನ್ನು ಹುಡುಕುವುದನ್ನು ನೆನಪು ಮಾಡಿಕೊಳ್ಳಿ. ನೆರೆಮನೆಯವರನ್ನು ಕೇಳಿದರೆ ನಮಗೆ ಕೈಕೊಟ್ಟವನ ನಂಬರನ್ನೇ ಕೊಡುತ್ತಾರೆ. ಆ ಗ್ರೂಪಿನಲ್ಲಿ ಕೇಳಿದಾಗ, ಎಲ್ಲೋ ಒಂದು ತಾಳಮದ್ದಳೆಯಲ್ಲಿ ಮುಖ ನೋಡಿದ್ದ ಬೇರೆ ಊರಿನವರೊಬ್ಬರು, ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಮದ್ದು ಬಿಡುವ ತಂಡದ ನಂಬರ್ ಹಾಕಿದರು. ಸಂಸ್ಥೆ ‘ಕನೆಕ್ಟೆಡ್’ ಆಗುವುದು ಅಂದರೆ ಇಂಥ ದಾರಿ ತೆರೆಯುವುದು. ಇದ್ದ ಗೆಳೆಯರೇ ಇನ್ನಷ್ಟು ಹರಟುವುದಲ್ಲ.

ಹೊಸದನ್ನು ಯಾರು ಎಷ್ಟು ಬೇಗ ಬಳಸತೊಡಗುತ್ತಾರೆ ಅಂತ ಜನರನ್ನು ಐದು ಗುಂಪು ಮಾಡಿದ ಎವರೆಟ್ ರೋಜರ್ಸ್‌ರ 1962ರ ವಿಂಗಡಣೆ ಪಾಠದಲ್ಲಿದೆ. ಎಲ್ಲರಿಗಿಂತ ಮೊದಲಿನವರಿಂದ ಕೊನೆಯವರವರೆಗೆ 2.5, 13.5, 34, 34, 16 ಶೇಕಡಾ. ಎರಡನೆಯ ಗುಂಪನ್ನು ಹಿಡಿಯಿರಿ. ಹೊಸ ಫೋನ್ ಬಂದ ದಿನವೇ ಕೊಳ್ಳುವ ಹುಡುಗ ಮೊದಲ ಗುಂಪಿನವನು. ಅವನನ್ನು ನೋಡಿ ಯಾರೂ ಬದಲಾಗುವುದಿಲ್ಲ. ಊರಿನವರು ‘ಮಾಷ್ಟ್ರು ಎಂತ ಹೇಳುತ್ತಾರೆ?’ ಅಂತ ಕೇಳುತ್ತಾರಲ್ಲ, ಆ ಮಾಷ್ಟ್ರು ಎರಡನೆಯ ಗುಂಪು.

ಈಗ ನಾನು ಪಾಠಕ್ಕೆ ಸೇರಿಸಬೇಕು ಅನ್ನುವ ಮಾತು. ಆ ಸಂಘದಲ್ಲಿ ಸಿಬ್ಬಂದಿಗಾಗಿ ಒಂದು ಆ್ಯಪ್ ಹಾಕಿಸಿದ್ದರು. ಒಂದು ದಿನದ ತರಬೇತಿ, ಚಾ, ಬನ್ಸ್, ಗ್ರೂಪ್ ಫೋಟೋ ಎಲ್ಲ ಆಯಿತು. ಎರಡು ವಾರದಲ್ಲಿ ಯಾರೂ ಮುಟ್ಟಲಿಲ್ಲ. ಸಿಬ್ಬಂದಿಗೆ ಮನಸ್ಸಿಲ್ಲ ಅಂತ ಆಡಳಿತದವರು ಗೊಣಗಿದರು. ನಾನು ಕೌಂಟರಿನ ಪಕ್ಕ ಕೂತು ನೋಡಿದೆ. ಗೊಬ್ಬರದ ಸ್ಟಾಕನ್ನು ಆ್ಯಪಿನಲ್ಲಿ ಹಾಕಿದ ಮೇಲೆ ರಿಜಿಸ್ಟರಿನಲ್ಲೂ ಬರೆಯಬೇಕು, ಆಮೇಲೆ ಫೋನ್ ಮಾಡಿ ಶಾಖೆಗೂ ಹೇಳಬೇಕು. ಒಂದೇ ಕೆಲಸ ಮೂರು ಸಲ. ಹೊಸದನ್ನು ತಂದವರು ಹಳೆಯದರಲ್ಲಿ ಒಂದನ್ನೂ ನಿಲ್ಲಿಸಿರಲಿಲ್ಲ. ಕೊನೆಗೆ ಕಾರ್ಯದರ್ಶಿಯವರು ‘ಸ್ಟಾಕ್ ಕೇಳಲು ಫೋನ್ ಬೇಡ, ಶೀಟ್ ನೋಡಿ’ ಅಂತ ಒಂದು ಹಂಚಿಕೊಂಡ ಶೀಟಿಗೆ ಎಲ್ಲರನ್ನೂ ತಂದರು. ತಾವೂ ಫೋನ್ ಮಾಡುವುದನ್ನು ಬಿಟ್ಟರು. ಆಗ ಶೀಟ್ ತನ್ನಿಂದ ತಾನೇ ತುಂಬತೊಡಗಿತು. ‘ಅಳವಡಿಕೆ’ ಅಂತ ಪ್ರಶ್ನೆ ಬಂದರೆ ನಾನಂತೂ ತರಬೇತಿಗಿಂತ ಮೊದಲು, ಯಾವ ಹಳೆಯ ಕೆಲಸ ನಿಂತಿತು ಅನ್ನುವುದನ್ನೇ ಬರೆಯುತ್ತೇನೆ.

ಎಲ್ಲವೂ ಇದರೊಳಗೆ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಅಡಿಕೆ ಗ್ರೇಡ್ ಮಾಡುವವರು ಗೋಣಿಗೆ ಕೈ ಹಾಕಿ, ಒಂದು ಅಡಿಕೆ ತುಂಡು ಮಾಡಿ ನೋಡಿ ‘ಪಟೋರ’ ಅಂತ ದರ್ಜೆಯ ಹೆಸರು ಹೇಳಿಬಿಡುತ್ತಾರೆ. ಹೇಗೆ ಗೊತ್ತಾಯಿತು ಅಂತ ಕೇಳಿದೆ. “ಕೈಗೆ ಗೊತ್ತಾಗುತ್ತದೆ” ಅಂದರು. ಪುಸ್ತಕದಲ್ಲಿ ಇದಕ್ಕೆ ಟ್ಯಾಸಿಟ್ ನಾಲೆಜ್ ಅನ್ನುತ್ತಾರೆ. ಪಕ್ಕದಲ್ಲಿ ಕೂತೇ ಕಲಿಯಬೇಕು.

ಇನ್ನೊಂದು ಎಚ್ಚರ. ಒಮ್ಮೆ ಸಾಲ ಬಾಕಿ ಇರುವವರ ಪಟ್ಟಿ ತಪ್ಪಿ ಸದಸ್ಯರ ಗ್ರೂಪಿಗೇ ಬಿತ್ತು. ಅಳಿಸುವಷ್ಟರಲ್ಲಿ ನೋಡುವವರು ನೋಡಿಯಾಗಿತ್ತು. ಖಾಸಗಿ ಮಾಹಿತಿಯ ಪ್ರಶ್ನೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೆಸರು ಬರೆಯಿರಿ.

ಪ್ರಾಜೆಕ್ಟ್ ಮುಗಿಸುವ ಮೊದಲು ನಾನು ಆ ಹಿರಿಯರ ಬೋರ್ಡೋ ಉತ್ತರವನ್ನು ಒಂದು ಪುಟ ಮಾಡಿ, ಕನ್ನಡ ಮತ್ತು ಮಲಯಾಳದಲ್ಲಿ ಬರೆದು, ಲಿಂಕನ್ನು ಗ್ರೂಪಿನ ಮೇಲ್ಗಡೆ ಪಿನ್ ಮಾಡಿಸಿದೆ. ಕಾರ್ಯದರ್ಶಿಯವರಿಗೆ ಅಷ್ಟರಲ್ಲಿ ಸಮಾಧಾನವಾಗಲಿಲ್ಲ. ಅದನ್ನು ಪ್ರಿಂಟ್ ತೆಗೆದು ತಕ್ಕಡಿಯ ಪಕ್ಕದ ಗೋಡೆಗೆ ಅಂಟಿಸಿದರು. ಮರುದಿನ ಯಾರೋ ಆ ಕಾಗದದ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಅದರ ಕೆಳಗೆ ನಾಲ್ಕು ಶುಭೋದಯ.