ಕಬ್ಬಿಣದ ಮೇಲಿನ ಮೂರು ತಾರೀಖುಗಳು

ಷೆವರ್ಲೆ ಕಂಪನಿಯ 1969ರ ಕಮಾರೊ ಝಡ್/28 ಕಾರಿನ ಎಂಜಿನ್ ಬ್ಲಾಕನ್ನೂ (ಸಿಲಿಂಡರುಗಳನ್ನು ಹೊತ್ತ ಎರಕದ ಕಬ್ಬಿಣದ ಮೈ) ಅದೇ ಕಂಪನಿಯ ಸಾಧಾರಣ ಟ್ರಕ್ಕಿನ ಬ್ಲಾಕನ್ನೂ ಅಕ್ಕಪಕ್ಕ ಇಟ್ಟರೆ, ಪಳಗಿದ ಮೆಕ್ಯಾನಿಕ್ ಕೂಡ ತಡವರಿಸಬಹುದು. ಎರಡರ ಹಿಂಬದಿಯಲ್ಲೂ, ಗೇರ್‌ಬಾಕ್ಸ್ ಕೂರುವ ಅಂಚಿನ ಬಳಿ, 3970010 ಎಂಬ ಉಬ್ಬು ಅಂಕಿಗಳೇ ಇರುವ ಸಾಧ್ಯತೆ ಇದೆ. ಒಂದು ಗುಜರಿ ಅಂಗಡಿಯಲ್ಲಿ ಸಿಗುತ್ತದೆ, ಇನ್ನೊಂದಕ್ಕಾಗಿ ಸಂಗ್ರಾಹಕರು ವರ್ಷಗಟ್ಟಲೆ ಹುಡುಕುತ್ತಾರೆ.

ಈ ಹೋಲಿಕೆಗೆ ಕಾರಣ ರೇಸಿನ ನಿಯಮ. ಅಮೆರಿಕದ ಟ್ರಾನ್ಸ್-ಆ್ಯಮ್ ಸ್ಪರ್ಧೆಯಲ್ಲಿ ಎಂಜಿನ್ನಿನ ಗಾತ್ರ 305 ಘನ ಅಂಗುಲ, ಅಂದರೆ 5 ಲೀಟರ್, ಮೀರುವಂತಿರಲಿಲ್ಲ. ಷೆವರ್ಲೆ ಎಂಜಿನಿಯರುಗಳು 4 ಅಂಗುಲ ವ್ಯಾಸದ ಸಿಲಿಂಡರುಗಳಿಗೆ, ಪಿಸ್ಟನ್ನನ್ನು 3 ಅಂಗುಲ ಮಾತ್ರ ಚಲಿಸುವಂತೆ ಮಾಡುವ ಕ್ರ್ಯಾಂಕ್ ಕೂರಿಸಿ 302 ಘನ ಅಂಗುಲಕ್ಕೆ ಇಳಿಸಿದರು. ಟ್ರಕ್ಕುಗಳಲ್ಲೂ ಇದ್ದ, ಮನೆಮಾತಾದ 350 ಘನ ಅಂಗುಲದ ಎಂಜಿನ್ನಿನ ಸಿಲಿಂಡರ್ ವ್ಯಾಸವೂ ನಾಲ್ಕೇ ಅಂಗುಲ. ಅದರ ಕ್ರ್ಯಾಂಕ್ ಮಾತ್ರ 3.48 ಅಂಗುಲದ್ದು. ಹೀಗಾಗಿ ಕ್ರ್ಯಾಂಕ್ ತೆಗೆದ ಬರಿಯ ಬ್ಲಾಕಿನ ವ್ಯಾಸವನ್ನು ಎಷ್ಟು ನಿಖರವಾಗಿ ಅಳೆದರೂ ಅದರ ಕುಲ ತಿಳಿಯುವುದಿಲ್ಲ. ಅದನ್ನು ಓದಬೇಕು.

ಓದಲು ಸಿಗುವುದು ಮೂರು ತಾರೀಖುಗಳು. ಮೊದಲನೆಯದು ಎರಕ ಹೊಯ್ದ ದಿನದ್ದು, ಹಿಂಬದಿಯಲ್ಲೇ ಉಬ್ಬಕ್ಷರದಲ್ಲಿ ಇರುತ್ತದೆ. ಜನವರಿಗೆ ‘ಎ’, ಡಿಸೆಂಬರಿಗೆ ‘ಎಲ್’. ‘ಎ 6 9’ ಎಂದಿದ್ದರೆ ಜನವರಿ 6, ಕೊನೆಯ 9 ವರ್ಷದ ಒಂಟಿ ಅಂಕಿ. ಮೋಸಕ್ಕೆ ದಾರಿಯಾಗುವುದು ಇಲ್ಲೇ. 3970010 ಬ್ಲಾಕು ಸುಮಾರು ಒಂದು ದಶಕ ತಯಾರಾಯಿತು. ಆ 9 ಎಂಬುದು 1969 ಆಗಿರಬಹುದು, 1979 ಕೂಡ ಆಗಿರಬಹುದು.

ಎರಡನೆಯದು ಎಂಜಿನ್ ಜೋಡಿಸಿದ ದಿನ. ಬ್ಲಾಕಿನ ಮುಂಭಾಗದ ಬಲಬದಿಯಲ್ಲಿ, ಸಿಲಿಂಡರ್ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಮುಂದೆ, ಚಿಕ್ಕದೊಂದು ಸಮತಟ್ಟಾದ ಪಟ್ಟಿ ಇದೆ. ಅದರ ಮೇಲೆ ‘ವಿ0114ಡಿಝಡ್’ ಎಂದು ಕುಟ್ಟಿದ್ದರೆ ಮಿಷಿಗನ್‌ನ ಫ್ಲಿಂಟ್ ಕಾರ್ಖಾನೆ, ಜನವರಿ 14, 1969ರ ಝಡ್/28 ಎಂದರ್ಥ. ಕೊನೆಯ ‘ಡಿಝಡ್’ ಎರಡು ಇಂಗ್ಲಿಷ್ ಅಕ್ಷರಗಳ ಸಂಕೇತ, 1970ರಿಂದ ಅದು ಮೂರಕ್ಷರದ್ದಾಯಿತು. ಅಲ್ಲಿಗೆ ದಶಕದ ಗೊಂದಲ ಬಗೆಹರಿಯುತ್ತದೆ. ಅದೇ ಪಟ್ಟಿಯಲ್ಲೋ ಆಯಿಲ್ ಫಿಲ್ಟರಿನ ಬಳಿಯೋ ಕಾರಿನ ಕ್ರಮಸಂಖ್ಯೆಯ ಒಂದು ಭಾಗವೂ ಇರುತ್ತದೆ. ಅದರಲ್ಲಿ ‘ಎನ್’ ಇದ್ದರೆ ಕಾರು ಓಹಾಯೊದ ನಾರ್ವುಡ್‌ನಲ್ಲಿ ತಯಾರಾದದ್ದು, ‘ಎಲ್’ ಇದ್ದರೆ ಕ್ಯಾಲಿಫೋರ್ನಿಯಾದ್ದು.

ಮೂರನೆಯದು ಕಾರು ತಯಾರಾದ ದಿನ. ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕೊನೆಗೆ. ಈ ಕ್ರಮ ತಪ್ಪಲು ಸಾಧ್ಯವೇ ಇಲ್ಲ. ಮಾರ್ಚಿನಲ್ಲಿ ಎರಕವಾದ ಬ್ಲಾಕಿನ ಮೇಲೆ ಜನವರಿಯ ಮುದ್ರೆ ಇದ್ದರೆ, ಮುದ್ರೆ ಸುಳ್ಳು. ತಾಮ್ರಪಟದಲ್ಲಿ ತಿಥಿ, ವಾರ ಹೊಂದದಿದ್ದಾಗ ನಮ್ಮ ಶಾಸನತಜ್ಞರು ಕೂಟಶಾಸನ, ಅಂದರೆ ನಕಲಿ, ಎಂದು ಸಂಶಯಪಡುವುದೂ ಇದೇ ತರ್ಕದ ಮೇಲೆ.

ತಾರೀಖುಗಳನ್ನು ಸರಿಯಾಗಿ ಹೊಂದಿಸಿ ಕುಟ್ಟುವ ಜಾಣರೂ ಇದ್ದಾರೆ. ಅವರನ್ನು ಹಿಡಿದುಕೊಡುವುದು ಅಂಕಿಯಲ್ಲ, ಅಂಕಿಯ ಕೆಳಗಿನ ಲೋಹ. ಕಾರ್ಖಾನೆಯಲ್ಲಿ ಬ್ಲಾಕಿನ ಮೇಲ್ಮೈಯನ್ನು ಬ್ರೋಚ್ ಎಂಬ ಹಲ್ಲುಗಳ ಉಪಕರಣದಿಂದ ಹೆರೆಯುತ್ತಿದ್ದರು. ಅದು ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ಸಮಾನಾಂತರ ಗೀರುಗಳನ್ನು ಬಿಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಗೀರುಗಳು ಅಕ್ಷರದ ಅಂಚಿನವರೆಗೂ ಬಂದು, ಕುಳಿಯಲ್ಲಿ ತುಂಡಾಗಿ, ಆಚೆ ಮತ್ತೆ ಮುಂದುವರಿಯುವುದು ಕಾಣುತ್ತದೆ. ಉಜ್ಜಿ ಮರುಮುದ್ರೆ ಹಾಕಿದ ಕಡೆ ಮೇಲ್ಮೈ ನುಣುಪಾಗಿರುತ್ತದೆ, ಇಲ್ಲವೇ ಗೀರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಆದ್ದರಿಂದ ಜಿಡ್ಡು ತೆಗೆಯಲು ಅಲ್ಲಿ ಉಪ್ಪುಕಾಗದವನ್ನಾಗಲಿ ತಂತಿ ಬ್ರಷ್ಷನ್ನಾಗಲಿ ಮುಟ್ಟಿಸಲೇಬಾರದು. ಜಿಡ್ಡು ಕರಗಿಸುವ ದ್ರಾವಕ, ಮೆತ್ತನೆಯ ಬಟ್ಟೆ, ತಾಳ್ಮೆ ಇಷ್ಟೇ ಸಾಕು.

ಗುರುತು ಸರಿಹೋದ ಮೇಲೆ ಆರೋಗ್ಯ ನೋಡಬೇಕು. ಎರಕದಲ್ಲಿ ಟೊಳ್ಳನ್ನು ಮೂಡಿಸುವ ಮರಳಿನ ತಿರುಳು ಅಚ್ಚಿನೊಳಗೆ ತುಸು ಸರಿದಿದ್ದರೂ ಸಿಲಿಂಡರ್ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರುತ್ತದೆ. ಸವೆದ ಸಿಲಿಂಡರನ್ನು ಕೊರೆದು 0.060 ಅಂಗುಲ ಹಿಗ್ಗಿಸಿದಾಗ ಗೋಡೆ ಸುತ್ತಲೂ 0.76 ಮಿಲಿಮೀಟರ್ ಕರಗುತ್ತದೆ. ತೆಳುವಾದ ಕಡೆ ಇದು ಅಪಾಯಕಾರಿ. ಹೀಗಾಗಿ ಶ್ರವಣಾತೀತ ಅಲೆಯನ್ನು ಹಾಯಿಸಿ, ಅದು ಮರಳಿ ಬರುವ ಸಮಯದಿಂದ ದಪ್ಪವನ್ನು ಲೆಕ್ಕ ಹಾಕುತ್ತಾರೆ. ಬೂದು ಎರಕದಲ್ಲಿ ಗ್ರಾಫೈಟ್ ಪದರಗಳ ಪ್ರಮಾಣಕ್ಕೆ ತಕ್ಕಂತೆ ಶಬ್ದದ ವೇಗ ಬದಲಾಗುವುದರಿಂದ, ದಪ್ಪ ಗೊತ್ತಿರುವ ಅದೇ ಬ್ಲಾಕಿನ ಒಂದು ಭಾಗದ ಮೇಲೆ ಮೊದಲು ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಬಿರುಕು ಹುಡುಕಲು ಬ್ಲಾಕನ್ನು ಕಾಂತೀಕರಿಸಿ ಕಬ್ಬಿಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದಲ್ಲಿ ಕಾಂತಕ್ಷೇತ್ರ ಸೋರಿ ಪುಡಿ ಗೆರೆಯಾಗಿ ಕೂರುತ್ತದೆ. ಚಳಿ ದೇಶದ ಬ್ಲಾಕುಗಳಲ್ಲಿ ಈ ಪರೀಕ್ಷೆ ತಪ್ಪಿಸುವಂತಿಲ್ಲ, ಏಕೆಂದರೆ ಎಂಜಿನ್ ತಂಪಾಗಿಡಲು ಬ್ಲಾಕಿನೊಳಗೆ ಇರುವ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇದರೊಳಗಿನ ಒಂದು ಜಗಳ. ಮುದ್ರೆಯ ಪಟ್ಟಿ ಇರುವುದು ಹೆಡ್ ಕೂರುವ ಮೇಲ್ಮೈಯ ಮಟ್ಟದಲ್ಲೇ. ಸೊಟ್ಟಗಾದ ಮೇಲ್ಮೈಯನ್ನು ವರ್ಕ್‌ಶಾಪಿನವರು ಪ್ರಾಮಾಣಿಕವಾಗಿ ಹೆರೆದು ಸರಿಮಾಡಿದರೆ ಎಂಜಿನ್ ಉತ್ತಮವಾಗುತ್ತದೆ, ಗುರುತು ಅಳಿದುಹೋಗುತ್ತದೆ. ಸಾಚಾ ಬ್ಲಾಕುಗಳೂ ಹೀಗೆ ಅನಾಮಿಕವಾಗಿವೆ. ಹೆರೆಯುವ ಮುನ್ನ ಆ ಪಟ್ಟಿಯನ್ನು ಮುಟ್ಟಬೇಡಿ ಎಂದು ಬರೆದುಕೊಡುವುದು, ಓರೆ ಬೆಳಕಿನಲ್ಲಿ ಫೋಟೊ ತೆಗೆದಿಡುವುದು ಮಾಲೀಕನ ಕೆಲಸ. ಹಾಗೆಯೇ, ‘ಸಿಇ’ ಮುದ್ರೆಯ ಬದಲಿ ಬ್ಲಾಕು ಕಂಡರೆ ಮೂಗು ಮುರಿಯಬೇಕಿಲ್ಲ. ಕಂಪನಿಯೇ ಕೊಟ್ಟ ಬದಲಿ ಅದು, ತಾನು ಬದಲಿಯೆಂದೇ ಹೇಳಿಕೊಳ್ಳುತ್ತದೆ.

1969ರಲ್ಲಿ ಮಾರಾಟವಾದ ಝಡ್/28 ಕಾರುಗಳು 20,302. ತನ್ನ ಕಾರಿನಿಂದ ಬೇರ್ಪಟ್ಟ ಅಸಲಿ ಡಿಝಡ್ ಬ್ಲಾಕಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯೇ ಇದೆ. ಆದರೆ ಅತಿ ಹೆಚ್ಚು ಕೊಡಲು ಸಿದ್ಧನಿರುವವನು ಒಬ್ಬನೇ, ಅದರ ಮೇಲಿನ ಕ್ರಮಸಂಖ್ಯೆಯ ಕಾರು ಯಾರ ಬಳಿ ಇದೆಯೋ ಅವನು. ಮಾರುವವರು ಮೊದಲು ಅವನನ್ನು ಹುಡುಕಬೇಕು.