ಅಂಗಿ ಬಿಚ್ಚಿಸಿ ನೋಡಬೇಕಾದ ಕಾಯಿಲೆ

‘ಡಾಕ್ಟರೇ, ಮಗುವಿಗೆ ಅಮ್ಮ ಆಗಿರುವ ಹಾಗಿದೆ’ ಎಂದು ಕ್ಲಿನಿಕ್ಕಿನ ಹೊಸ್ತಿಲಾಚೆಯೇ ನಿಂತು ಹೇಳುವ ತಾಯಂದಿರನ್ನು ಕಂಡರೆ ನನಗೆ ಗೌರವ. ಒಳಗೆ ಬಸುರಿಯರು, ಹಸುಗೂಸುಗಳು ಕುಳಿತಿರುತ್ತಾರೆ. ಸೀತಾಳೆ ಸಿಡುಬಿನ ವೈರಾಣು ಗಾಳಿಯಲ್ಲೇ ಹರಡುತ್ತದೆ.

ಮನೆಯವರು ತೋರಿಸುವುದು ಮುಖದ ಗುಳ್ಳೆ. ನಾನು ಅಂಗಿ ಬಿಚ್ಚಿಸುತ್ತೇನೆ. ಎದೆ, ಬೆನ್ನು, ಹೊಟ್ಟೆಯ ಮೇಲೆ ದಟ್ಟವಾಗಿದ್ದು ಕೈಕಾಲುಗಳ ತುದಿಗೆ ಹೋದಂತೆ ವಿರಳವಾಗುವುದು ಇದರ ಸ್ವಭಾವ. ಕೂದಲು ಸರಿಸಿದರೆ ನೆತ್ತಿಯಲ್ಲೂ, ಬಾಯಿ ತೆರೆಸಿದರೆ ಅಂಗುಳದಲ್ಲೂ ಒಂದೆರಡು ಸಿಗುತ್ತವೆ. ಮೊದಲು ಕೆಂಪು ಚುಕ್ಕೆ, ಕೆಲವೇ ಗಂಟೆಗಳಲ್ಲಿ ತಿಳಿನೀರು ತುಂಬಿದ ಗುಳ್ಳೆ. ಗುಲಾಬಿ ದಳದ ಮೇಲಿನ ಇಬ್ಬನಿಯಂತೆ ಎಂದು ನಾವು ಪಠ್ಯದಲ್ಲಿ ಓದಿದ್ದೆವು. ನಮ್ಮವರ ಕಂದು ಚರ್ಮದ ಮೇಲೆ ಗುಲಾಬಿ ಅಷ್ಟಾಗಿ ಕಾಣುವುದಿಲ್ಲ, ಇಬ್ಬನಿ ಮಾತ್ರ ಕಾಣುತ್ತದೆ.

ಗುಳ್ಳೆಗಳು ಒಮ್ಮೆಗೇ ಏಳುವುದಿಲ್ಲ. ಮೂರು ನಾಲ್ಕು ದಿನ ಕಂತುಕಂತಾಗಿ ಬರುತ್ತವೆ. ಹಾಗಾಗಿ ಅಂಗೈಯಗಲದ ಜಾಗದಲ್ಲೇ ಹೊಸ ಚುಕ್ಕೆ, ನೀರ್ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಇರುತ್ತವೆ. ಈ ಬೆರಕೆಯನ್ನೇ ನಾನು ಹುಡುಕುವುದು. 1980ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಲಾದ ದೊಡ್ಡ ಸಿಡುಬಿನಲ್ಲಿ ಒಂದು ಭಾಗದ ಗುಳ್ಳೆಗಳೆಲ್ಲ ಒಂದೇ ವಯಸ್ಸಿನವು, ಮುಖ ಮತ್ತು ಕೈಕಾಲುಗಳಲ್ಲೇ ಹೆಚ್ಚು. ಅಂಗೈ, ಅಂಗಾಲು, ಬಾಯಿಯಲ್ಲಷ್ಟೇ ಗುಳ್ಳೆಯೆದ್ದು ಬೆನ್ನು ನುಣ್ಣಗಿದ್ದರೆ ಅದು ಬಹುಮಟ್ಟಿಗೆ ಕೈ-ಕಾಲು-ಬಾಯಿ ರೋಗ.

‘ಮೊನ್ನೆ ಮದುವೆಗೆ ಹೋಗಿದ್ದೆವು, ಅಲ್ಲೇ ಅಂಟಿತು’ ಎನ್ನುವವರಿದ್ದಾರೆ. ಅಂಟಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಬೇಕು. ಮದುವೆಮನೆಯನ್ನು ಬೈಯಬೇಡಿ, ಆದರೆ ಆ ಮದುವೆಯಲ್ಲಿ ನಿಮ್ಮ ಮಗು ಬೇರೆಯವರಿಗೆ ಹಂಚಿರಬಹುದು. ಗುಳ್ಳೆ ಕಾಣುವ ಒಂದೆರಡು ದಿನ ಮೊದಲಿನಿಂದ, ಎಲ್ಲವೂ ಹಕ್ಕಳೆಗಟ್ಟುವ ತನಕ ಇದು ಅಂಟುತ್ತದೆ.

ಮಕ್ಕಳಿಗೆ ಸಣ್ಣ ಜ್ವರ, ಅಪಾರ ತುರಿಕೆ. ವಯಸ್ಕರಿಗೆ ಗುಳ್ಳೆಗೆ ಮೊದಲೇ ಜ್ವರ, ಮೈಕೈ ನೋವು, ಕಾಯಿಲೆಯೂ ಜೋರು. ಒಮ್ಮೆ ಮೂವತ್ತು ದಾಟಿದ ಧೂಮಪಾನಿಯೊಬ್ಬರು ಮುಖದ ಕಲೆಗಳು ಮಾಯುತ್ತವೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ನಾನು ಅವರ ಉಸಿರನ್ನು ಎಣಿಸುತ್ತಿದ್ದೆ. ಗುಳ್ಳೆ ಎದ್ದು ಮೂರನೆಯ ದಿನ, ಒಣಕೆಮ್ಮು ಶುರುವಾಗಿತ್ತು. ವೈರಾಣು ಶ್ವಾಸಕೋಶಕ್ಕೆ ಇಳಿಯುವುದು ಹೀಗೆಯೇ. ಧೂಮಪಾನಿಗಳಲ್ಲಿ, ಬಸುರಿಯರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಈ ಭಯ ಹೆಚ್ಚು. ಅವರನ್ನು ಅಂದೇ ಆಸ್ಪತ್ರೆಗೆ ಸೇರಿಸಿದೆ.

ಮಗು ಮಂಕಾಗಿ ಮಲಗಿದರೆ, ನಡೆಯುವಾಗ ತೂರಾಡಿದರೆ, ಇಳಿದ ಜ್ವರ ಮತ್ತೆ ಏರಿ ಗುಳ್ಳೆಯ ಸುತ್ತ ಕೆಂಪಗೆ ಬಾತುಕೊಂಡರೆ ಕಾಯಬೇಡಿ. ಬೇವಿನ ಸೊಪ್ಪಿನ ಬಗ್ಗೆ ನನ್ನ ತಕರಾರಿಲ್ಲ. ಸ್ನಾನ ನಿಲ್ಲಿಸುವುದಕ್ಕೆ ಇದೆ: ಕೊಳೆ ಉಗುರಿನಿಂದ ಕೆರೆದ ಗುಳ್ಳೆ ಕೀವಾಗುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಾತ್ರ ಬೇಡವೇ ಬೇಡ. ಅದು ಮಕ್ಕಳ ಯಕೃತ್ತು, ಮಿದುಳು ಎರಡಕ್ಕೂ ಕುತ್ತು ತಂದೀತು.